ಹುಳು ಹಣ್ಣಾದ ಭಾನುವಾರ

ಮೊನ್ನೆ ಮುದ್ದೇನಹಳ್ಳಿ ಹತ್ತಿರದ ಒಂದು ಮನೆಗೆ ಮದುವೆಯ ಮಾತಿಗೆಂದು ಹೋಗಿದ್ದೆ. ಅಂಗಳದ ಗೋಡೆಗೆ ಉದ್ದಕ್ಕೂ ಚಂದ್ರಿಕೆಗಳನ್ನು ಒರಗಿಸಿ ಬಿಸಿಲಿಗೆ ಬಿಟ್ಟಿದ್ದರು. ರೇಷ್ಮೆ ಹುಳು ಗೂಡು ಕಟ್ಟಲು ಬಿಡುವ, ಸುರುಳಿ ಸುರುಳಿ ಬಿದಿರಿನ ಚಾಪೆಗಳು ಅವು. ಗೂಡು ಬಿಡಿಸಿ ಎರಡು ದಿನವಾಗಿರಬೇಕು. ಬಲಿತು ಹಣ್ಣಾದ ಹುಳು ನೂಲು ಬಿಡುವ ಮೊದಲು ಮೈಯೊಳಗಿನ ನೀರನ್ನೆಲ್ಲ ಒಮ್ಮೆ ಹೊರಗೆ ಹಾಕುತ್ತದೆ. ಅದರ ಘಾಟು ಬಿದಿರಿಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಮನೆಯವರು "ಬನ್ನಿ ಸ್ವಾಮಿ, ಒಳಗೆ ಬನ್ನಿ" ಎನ್ನುತ್ತಿದ್ದರೂ ನಾನು ಅಂಗಳದಲ್ಲೇ ನಿಂತೆ. ಆಗ ತಾನೇ ಕಾಫಿ ಕುಡಿದು ಬಂದವನಿಗೆ ಆ ವಾಸನೆ ತಾಕಿದ್ದೇ ತಡ, ಮೂರು ದಿನ ನಿದ್ದೆಗೆಟ್ಟವನ ಹಾಗೆ ಕೈಕಾಲು ಸೋತು ಬಂದವು. ಹುಡುಗಿಯ ಕಡೆಯವರು ನನ್ನ ಮುಖ ನೋಡಿ, ಇವರಿಗೆ ಸಂಬಂಧ ಇಷ್ಟವಾಗಲಿಲ್ಲವೇನೋ ಎಂದುಕೊಂಡರಂತೆ. ಸಂಬಂಧ ಚೆನ್ನಾಗಿಯೇ ಇತ್ತು. ನನಗೆ ನೆನಪಾದದ್ದು ನಾಲ್ಕು ವರ್ಷದ ಹಿಂದಿನ ನಮ್ಮ ಫುಟ್‌ಬಾಲ್ ಸೀಸನ್.

ಆ ವರ್ಷ ನಾನು ಶಿಡ್ಲಘಟ್ಟದ ನಮ್ಮ ಬೀದಿಯ ಫುಟ್‌ಬಾಲ್ ಸಂಘದ ಕಾರ್ಯದರ್ಶಿ. ಕಾರ್ಯದರ್ಶಿ ಅಂದರೆ ದೊಡ್ಡ ಪದವಿ ಅಂದುಕೊಳ್ಳಬೇಡಿ. ಚೆಂಡಿಗೆ ಗಾಳಿ ಹೊಡೆಸುವವನು, ಮೈದಾನಕ್ಕೆ ಸುಣ್ಣ ಎಳೆಯುವವನು, ಉಳುಕಿದ ಕಾಲಿಗೆ ಐಸು ಹಿಡಿಯುವವನು, ಸೋತ ದಿನ ಎಲ್ಲರ ಕೈಲೂ ಬೈಸಿಕೊಳ್ಳುವವನು. ಹಗಲಿಗೆ ಒಂದು ಕಚೇರಿಯಲ್ಲಿ ಗುಮಾಸ್ತಿಕೆ, ಸಂಜೆಗೆ ಈ ಚಾಕರಿ. "ಮಾಡಬಾರದ್ದು ಮಾಡಿದರೆ ಆಗಬಾರದ್ದು ಆಗುತ್ತೆ" ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಐವತ್ತು ದಾಟಿದ ಮೇಲೆ ಹುಡುಗರ ಹಿಂದೆ ನೀರಿನ ಬಾಟಲಿ ಹಿಡಿದು ಓಡಾಡುವುದನ್ನು ಅವಳು ಇದ್ದಿದ್ದರೆ ಆ ಪಟ್ಟಿಗೇ ಸೇರಿಸುತ್ತಿದ್ದಳು.

ಆ ವರ್ಷ ನಾವು ಒಂದು ಕಪ್ ಪಂದ್ಯಾವಳಿಗೆ ಹೆಸರು ಕೊಟ್ಟೆವು. ಆ ಕಪ್ಪಿನ ವಿಚಾರ ಇಷ್ಟು. ದೇಶದ ಊರೂರಿನ ಸಣ್ಣ ಸಂಘಗಳಿಗೂ ಬಾಗಿಲು ತೆರೆದಿದ್ದ ನಾಕೌಟ್ ಅದು. ಒಂದು ಸಲ ಸೋತರೆ ಗಂಟು ಕಟ್ಟಿ ಮನೆಗೆ. ನಮ್ಮ ಕಡೆಯ ಸಂಘಗಳು ಮೊದಲು ತಮ್ಮತಮ್ಮೊಳಗೇ ಮೂರು ಸುತ್ತು ಆಡಿಕೊಳ್ಳಬೇಕು. ಮೂರನ್ನೂ ದಾಟಿದವರು ಬೆಂಗಳೂರಿನ ದೊಡ್ಡ ಮೈದಾನದಲ್ಲಿ, ಹಸಿರು ಹುಲ್ಲಿನ ಮೇಲೆ, ಪೇಪರಿನಲ್ಲಿ ಹೆಸರು ಬರುವಂಥ ಒಂದು ತಂಡದ ಎದುರು ಆಡುತ್ತಾರೆ. ಅಲ್ಲಿ ಹತ್ತು ಗೋಲು ತಿಂದು ಬಂದರೂ ಊರಲ್ಲಿ ಮರ್ಯಾದೆ ಹೋಗುವುದಿಲ್ಲ. ಆದರೆ ಅಲ್ಲಿಗೆ ಹೋಗಬೇಕಲ್ಲ.

ಅಲ್ಲಿಗೆ ಹೋಗಲೇಬೇಕು ಎಂದು ಹಟ ಹಿಡಿದವನು ನಮ್ಮ ನಾಯಕ ಗಂಗಾಧರ. ದಿಬ್ಬೂರಹಳ್ಳಿ ರಸ್ತೆಯ ಒಂದು ಹಳ್ಳಿಯವನು. ಎರಡೂವರೆ ಎಕರೆ ಹಿಪ್ಪುನೇರಳೆ ತೋಟ, ಮನೆಯ ಹಿಂದೆ ಶೀಟಿನ ಹುಳುಮನೆ. ಅವನೂ ಹೆಂಡತಿ ಸರಸಳೂ ಸೇರಿ ವರ್ಷಕ್ಕೆ ಐದಾರು ಬೆಳೆ ತೆಗೆಯುತ್ತಿದ್ದರು. ಎತ್ತರದ ಆಳು, ಹಿಂದಿನ ಸಾಲಿನಲ್ಲಿ ನಿಂತರೆ ಗೋಡೆ; ಗಾಳಿಯಲ್ಲಿ ಬಂದ ಚೆಂಡು ಅವನ ಹಣೆಗೆ ಹೇಳದೆ ಕೇಳದೆ ಮುಂದಕ್ಕೆ ಹೋದದ್ದಿಲ್ಲ. ಹದಿನಾರು ವರ್ಷದಿಂದ ಆಡುತ್ತಿದ್ದ. ಒಂದು ಸಲವೂ ಹುಲ್ಲಿನ ಮೈದಾನ ತುಳಿದಿರಲಿಲ್ಲ.

"ಇದೇ ಕಡೇದು ಕಣಣ್ಣ" ಎಂದ, ಹೆಸರು ನೋಂದಾಯಿಸುವ ದಿನ. "ಮೂವತ್ತಾರಾಯ್ತು. ಒಂದೇ ಒಂದ್ಸಲ ಹುಲ್ಲಿನ್ ಮೇಲೆ ಬಿದ್ದು ಏಳ್ಬೇಕು. ನಮ್ಮ ಮಣ್ಣಲ್ಲಿ ಬಿದ್ದೂ ಬಿದ್ದೂ ಮಂಡೀಲಿ ಚರ್ಮಾನೇ ಉಳಿದಿಲ್ಲ."

ಆ ನೋಂದಣಿಯಲ್ಲೇ ನನ್ನ ಅರ್ಧ ಜೀವ ಹೋಯಿತು. ಎಲ್ಲ ಮೊಬೈಲಿನಲ್ಲಿ. ಒಬ್ಬೊಬ್ಬನ ಫೋಟೊ, ಆಧಾರ್, ಆಮೇಲೆ ಓಟಿಪಿ. ನಮ್ಮ ಗೋಲ್‌ಕೀಪರ್ ನಯಾಜ್, ಗೂಡು ಬೇಯಿಸಿ ನೂಲು ತೆಗೆಯುವ ಕಾರ್ಖಾನೆಯ ಮನೆಯವನು. ಅವನ ಓಟಿಪಿ ಅವನ ಭಾವನ ನಂಬರಿಗೆ ಹೋಗುತ್ತಿತ್ತು. ಭಾವ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ಗದ್ದಲದಲ್ಲಿ. ಇವನು ಫೋನಿನಲ್ಲಿ "ಜೀಜಾ, ನಂಬರ್ ಬೋಲೋ" ಎಂದು ಕೂಗುವುದು, ಅವನು ಹರಾಜಿನ ದರ ಹೇಳುವುದು. ಮೂರು ಸಲ ಹಾಗಾದ ಮೇಲೆ ಗಂಗಾಧರ, "ಬಿಡಣ್ಣ, ಇವನ್ನ ಕೇಜಿ ಲೆಕ್ಕದಲ್ಲೇ ಬರ್ಕೊಂಡುಬಿಡು" ಎಂದ.

ಮೊದಲ ಸುತ್ತು ಚಿಕ್ಕಬಳ್ಳಾಪುರದಲ್ಲಿ. ಗೆದ್ದೆವು ಅನ್ನುವುದಕ್ಕೆ ಈಗಲೂ ನಾಚಿಕೆ. ಆಟ ಮುಗಿಯಲು ಎರಡು ನಿಮಿಷ ಇದ್ದಾಗ ಅವರ ಹುಡುಗನೇ ಚೆಂಡನ್ನು ತನ್ನ ಗೋಲ್‌ಕೀಪರಿಗೆ ವಾಪಸು ಕೊಡಲು ಹೋಗಿ ಬಲೆಗೆ ಸೇರಿಸಿದ. ಆ ಹುಡುಗ ಮುಖ ಮುಚ್ಚಿಕೊಂಡು ಕೂತ. ಗಂಗಾಧರ ಕುಣಿಯುತ್ತಿದ್ದ ನಮ್ಮವರನ್ನು ಬಿಟ್ಟು, ಹೋಗಿ ಅವನ ಬೆನ್ನು ತಟ್ಟಿ ಎಬ್ಬಿಸಿದ.

ಎರಡನೆಯದು ಚಿಂತಾಮಣಿಯಲ್ಲಿ. ನಾವು ಬಸ್ಸಿನಿಂದ ಇಳಿಯುತ್ತಿದ್ದಂತೆಯೇ ಕಾಂಪೌಂಡಿನ ಮೇಲೆ ಕೂತಿದ್ದವರು ತೆಲುಗಿನಲ್ಲಿ ಶುರುವಿಟ್ಟರು. "ಏಮಪ್ಪಾ, ಪುರುಗುಲೋಳ್ಳು ಒಚ್ಚಿನಾರು!" ಹುಳದವರು ಬಂದರು ಅಂತ. ನಮ್ಮವರಿಗೂ ತೆಲುಗು ಬರುತ್ತದಲ್ಲ, ನಯಾಜ್ ಅದೇ ಧಾಟಿಯಲ್ಲಿ, "ಅವುನಪ್ಪಾ, ಮೀಕು ಚೀರ ಕಟ್ಟೇಕಿ ಒಚ್ಚಿನಾಮು" ಎಂದ. ಹೌದಪ್ಪಾ, ನಿಮಗೆ ಸೀರೆ ಉಡಿಸೋಕೇ ಬಂದಿದ್ದೀವಿ. ಅಲ್ಲಿಂದ ಮುಂದೆ ಎರಡು ಗಂಟೆ ಅವನ ಗೋಲಿನ ಹಿಂದೆ ನಿಂತು ಅವನ ಮನೆಮಂದಿಯನ್ನೆಲ್ಲ ನೆನೆದರು. ಆಟ ಸಮವಾಗಿ ಪೆನಾಲ್ಟಿಗೆ ಹೋಯಿತು. ನಯಾಜ್ ಎರಡು ಹಿಡಿದ. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬನೂ ಹಾಡಲಿಲ್ಲ. ಎಲ್ಲರೂ ಒಬ್ಬರ ಹೆಗಲ ಮೇಲೊಬ್ಬರು ನಿದ್ದೆ. ಗಂಗಾಧರ ಮಾತ್ರ ಕಣ್ಣು ಬಿಟ್ಟುಕೊಂಡಿದ್ದ. "ಇನ್ನೊಂದು" ಎಂದ, ನನಗೋ ಕಿಟಕಿಗೋ.

ಆ ಇನ್ನೊಂದು ನಮ್ಮೂರಲ್ಲೇ, ಗೌರಿಬಿದನೂರಿನವರ ಎದುರು. ದಿನ ಗೊತ್ತುಮಾಡುವುದು ಎರಡೂ ಸಂಘದವರಿಗೆ ಬಿಟ್ಟದ್ದು. ಶನಿವಾರದಿಂದ ಮುಂದಿನ ಗುರುವಾರದೊಳಗೆ ಯಾವತ್ತಾದರೂ ಸರಿ. ಅವರ ಕಾರ್ಯದರ್ಶಿ ಅಬ್ಬಾಸ್ ಸಾಹೇಬರು, ಅಲೀಪುರದವರು, ನನಗಿಂತ ಹಿರಿಯರು, ಮಾತು ಮೆತ್ತಗೆ. ವಾರ ಮೊದಲೇ ಫೋನ್ ಮಾಡಿದರು. "ಶೀನಪ್ಪನೋರೆ, ಬುಧವಾರ ಇಟ್ಕೊಳ್ಳೋಣವಾ? ನಮ್ ಹುಡುಗ್ರಲ್ಲಿ ಇಬ್ಬರಿಗೆ ಭಾನುವಾರ ಮನೇಲಿ ಮದುವೆ ಇದೆ."

ನಾನು ಭಾನುವಾರವೇ ಆಗಬೇಕು ಎಂದೆ. ಅದಕ್ಕೆ ನನ್ನದೊಂದು ಲೆಕ್ಕ ಇತ್ತು. ನಮ್ಮ ಕಡೆ ಮದುವೆ, ನಾಮಕರಣ, ಕೋರ್ಟಿನ ವಾಯಿದೆ ಎಲ್ಲವನ್ನೂ ಹುಳು ನೋಡಿಕೊಂಡೇ ಇಡುತ್ತೇವೆ. ಹುಳು ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ; ಅದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಏಳನೇ ದಿನಕ್ಕೆ ಹುಳು ಹಣ್ಣಾಗುತ್ತದೆ, ಅಂದರೆ ಮೇವು ಬಿಟ್ಟು, ಮೈ ಹಳದಿ ತಿರುಗಿ, ತಲೆಯೆತ್ತಿ ನೂಲು ಬಿಡಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಕೈಯಲ್ಲಿ ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾಯಿತೋ, ಸೊಪ್ಪಿನ ಕಸದಲ್ಲೇ ನೂಲು ಸುತ್ತಿಕೊಂಡು ಇಪ್ಪತ್ತೈದು ದಿನದ ಬೆಳೆ ಹಾಳು. ಆ ದಿನ ಯಾವ ನೆಂಟಸ್ತಿಕೆಯೂ ಇಲ್ಲ, ಯಾವ ದೇವರೂ ಇಲ್ಲ. ಗಂಗಾಧರನ ಹುಳು ನಾಲ್ಕನೇ ಜ್ವರ ಎದ್ದದ್ದು ಶುಕ್ರವಾರ. ಮುಂದಿನ ಶುಕ್ರವಾರ ಹಣ್ಣು, ಶನಿವಾರಕ್ಕೆ ಎಲ್ಲ ಮುಗಿದು ಅವನಿಗೊಂದು ನಿದ್ದೆ, ಭಾನುವಾರ ಮ್ಯಾಚು. ಹುಡುಗರ ಮುಂದೆ ಈ ಲೆಕ್ಕ ಹೇಳಿ ಮೀಸೆ ತಿರುವಿದ್ದೆ. ಬುಧವಾರವಾದರೆ ನನಗೆ ಕಚೇರಿಗೆ ರಜ ಹಾಕಬೇಕಿತ್ತು ಅನ್ನುವುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅಬ್ಬಾಸ್ ಸಾಹೇಬರ ವಿನಂತಿಯನ್ನೂ ಯಾರಿಗೂ ಹೇಳಲಿಲ್ಲ.

ಮಂಗಳವಾರ ಚೆನ್ನೈ ಕಡೆ ಚಂಡಮಾರುತ ಎದ್ದಿತು. ಅಲ್ಲಿ ಗಾಳಿ ಎದ್ದರೆ ನಮಗೆ ಮೂರು ದಿನ ಜಡಿಮಳೆ. ಸೂರ್ಯ ಮುಖ ತೋರಿಸಲಿಲ್ಲ. ಚಳಿ ಬಿದ್ದರೆ ಮನುಷ್ಯರ ಹಾಗೇ ಹುಳುವಿಗೂ ಸೋಮಾರಿತನ. ಮೇಯುವುದು ನಿಧಾನ, ಹಣ್ಣಾಗುವುದೂ ನಿಧಾನ. ಇದು ಹುಳುಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿಲ್ಲದ್ದೇನಲ್ಲ. ಏಳು ದಿನ ಅನ್ನುವುದು ಬಿಸಿಲಿದ್ದರೆ ಏಳು.

ಶುಕ್ರವಾರ ಸಂಜೆ ಸರಸಮ್ಮನೇ ನನಗೆ ಫೋನ್ ಮಾಡಿದಳು. "ಶೀನಣ್ಣ, ಹುಳ ಇನ್ನೂ ಬೆಳ್ಳಗೇ ಇದಾವೆ. ಸೊಪ್ಪು ಹಾಕಿದ್ದೆಲ್ಲ ಮೇಯ್ತಾವೆ. ನನಗೇನೋ ಭಾನುವಾರಾನೇ ಅನ್ನಿಸ್ತೈತೆ. ಮ್ಯಾಚು ಎರಡು ದಿನ ಮುಂದಕ್ಕೆ ಹಾಕಕ್ಕಾಗಲ್ವಾ?"

"ನೋಡ್ತೀನಮ್ಮ" ಎಂದೆ. ಮೊಬೈಲು ಕೈಯಲ್ಲೇ ಇತ್ತು. ಅಬ್ಬಾಸ್ ಸಾಹೇಬರ ನಂಬರು ಮೇಲೇ ಇತ್ತು. ಅವರು ಕೇಳಿದಾಗ ಆಗುವುದಿಲ್ಲ ಎಂದವನು ಈಗ ನಾನೇ ಹೇಗೆ ಕೇಳಲಿ? ಕೇಳಿದರೆ ಆ ಮನುಷ್ಯ ನಗದಿದ್ದರೂ ಅವರ ಹುಡುಗರು ನಗುತ್ತಾರೆ. ಶನಿವಾರ ಬಿಸಿಲು ಬಂದರೆ ಒಂದೇ ದಿನದಲ್ಲಿ ಹಣ್ಣಾಗಿಬಿಡುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ಶನಿವಾರ ಬಿಸಿಲು ಬಂತು. ಹುಳು ಹಣ್ಣಾದದ್ದು ಭಾನುವಾರ ಬೆಳಕು ಹರಿಯುವ ಹೊತ್ತಿಗೆ, ಎಲ್ಲ ಒಟ್ಟಿಗೆ.

ಗಂಗಾಧರ ತಂಡದ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಸಾಲು ಹಾಕಿದ. "ಹುಳ ಹಣ್ಣಾದವು. ನಾನು ಬರೋದು ಕಷ್ಟ. ಚೆನ್ನಾಗಿ ಆಡಿ." ಅದನ್ನು ಓದಿ ನಾನು ಗಾಡಿ ಹತ್ತಿ ಅವನ ಹಳ್ಳಿ ತಲುಪುವಷ್ಟರಲ್ಲಿ ನಯಾಜ್ ಆರು ಜನರನ್ನು ಸೊಪ್ಪಿನ ಗೂಡ್ಸ್ ಆಟೊದಲ್ಲಿ ತುಂಬಿಕೊಂಡು ಬಂದಿದ್ದ. ಹಿಂದೆಯೇ ಇನ್ನು ಮೂವರು. ಹುಳುಮನೆಗೆ ಹೊರಗಿನವರನ್ನು ಬಿಡುವ ಪದ್ಧತಿ ಇಲ್ಲ. ಅವತ್ತು ಸರಸ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ ಇಟ್ಟು, "ಕಾಲು ಅದ್ದಿ, ಕೈ ತೊಳ್ದು ಒಳಗ್ ಬನ್ರಪ್ಪ. ಪೌಡರ್ ಸೆಂಟು ಹಾಕಿರೋರು ಹೊರಗೇ ಇರಿ" ಎಂದಳು. ಹುಳುವಿಗೆ ವಾಸನೆ ಆಗದು. ಇಬ್ಬರು ಬೋರ್‌ವೆಲ್ ಹತ್ತಿರ ಹೋಗಿ ಮೈಗೇ ನೀರು ಸುರಿದುಕೊಂಡು ಬಂದರು.

ಎಂಬತ್ತು ಸಾವಿರ ಹುಳು. ಬಗ್ಗಬೇಕು, ಬೆಳಕಿಗೆ ಹಿಡಿದು ಹಣ್ಣೋ ಕಾಯೋ ನೋಡಬೇಕು, ಹಣ್ಣಾಗಿದ್ದರೆ ತಟ್ಟೆಗೆ ಹಾಕಬೇಕು, ಮತ್ತೆ ಬಗ್ಗಬೇಕು. ನಯಾಜ್ ಮೊದಲ ಹುಳುವನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. "ಹುಟ್ಟಿದಾಗಿಂದ ಇವನ್ನ ಬೇಯ್ಸ್‌ಕೊಂಡೇ ಬಂದಿದ್ದೀನಿ. ಜೀವ ಇರೋದನ್ನ ಮುಟ್ಟಿದ್ದು ಇವತ್ತೇ" ಎಂದ.

"ಮುಟ್ಟಿದ್ದು ಸಾಕು, ಹಾಕೋ" ಎಂದ ಗಂಗಾಧರ.

ಹತ್ತು ಗಂಟೆವರೆಗೆ ತಮಾಷೆ ನಡೆಯಿತು. ಹನ್ನೊಂದಕ್ಕೆ ಸರಸ ಉಪ್ಪಿಟ್ಟು ಕೊಟ್ಟಳು. ಹನ್ನೆರಡಕ್ಕೆ ಮಾತು ನಿಂತಿತು. ಸೊಂಟ ಹಿಡಿದುಕೊಂಡು ಒಬ್ಬೊಬ್ಬರೇ ಗೋಡೆಗೆ ಆನಿಕೊಂಡು, ಒಂದು ಉಸಿರು ಬಿಟ್ಟು ಮತ್ತೆ ಬಗ್ಗುತ್ತಿದ್ದರು. ಎರಡು ಗಂಟೆಗೆ ಹತ್ತರಲ್ಲಿ ಒಂಬತ್ತು ಪಾಲು ಮುಗಿದಿತ್ತು. ಮ್ಯಾಚು ಮೂರಕ್ಕೆ.

"ನೀವ್ ಹೊರಡಿ" ಎಂದ ಗಂಗಾಧರ, ತಲೆ ಎತ್ತದೆ. "ನಾನು ಇಲ್ಲೇ ಇರ್ತೀನಿ."

ಸರಸ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಮದ್ವೆ ಆದಾಗಿಂದ ಊಟಕ್ಕೆ ಕೂತ್ರೆ ಹುಲ್ಲು, ಮಲಗಿದ್ರೆ ಹುಲ್ಲು. ದನ ಕೂಡ ಅಷ್ಟು ಜಪ ಮಾಡಲ್ಲ. ಇವತ್ತು ಹೋಗ್ದೆ ಇದ್ರೆ ಇನ್ನ ಮೂವತ್ತು ವರ್ಷ ನಾನು ಕೇಳ್ಬೇಕು. ಹೋಗಿ ನೀವು."

"ಹುಳ?"

"ಮೂರು ಜನ ಹುಡುಗ್ರನ್ನ ಬಿಟ್ಟೋಗಿ. ಮುಗ್ಸಿ ಕಳಿಸ್ತೀನಿ."

ನಾನು ಮುಂಚೆಯೇ ಹೊರಟು ಮೈದಾನಕ್ಕೆ ಬಂದೆ. ಗೌರಿಬಿದನೂರಿನವರು ಆಗಲೇ ಓಡಾಡಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಅಬ್ಬಾಸ್ ಸಾಹೇಬರು ಸುತ್ತ ನೋಡಿ, "ನಿಮ್ಮೋರು ಎಲ್ಲಿ ಶೀನಪ್ಪನೋರೆ?" ಎಂದರು.

"ಹುಳ ಆರಿಸ್ತಾ ಇದಾರೆ."

"ಯಾ ಅಲ್ಲಾ. ಒಂದು ಫೋನ್ ಮಾಡಿದ್ರೆ ನಾವೇನು ಬೇಡ ಅಂತಿದ್ವಾ?" ರೆಫರಿಯ ಹತ್ತಿರ ಅವರೇ ಹೋಗಿ ಮಾತಾಡಿದರು. ಆದರೆ ಬಂದ ರೆಫರಿಗೆ ನಿಯಮ ನಿಯಮವೇ. ಹದಿನೈದು ನಿಮಿಷ ಕಾಯಬಹುದು. ಅಷ್ಟರಲ್ಲಿ ಏಳು ಜನರಾದರೂ ಬೂಟು ಕಟ್ಟಿ ನಿಂತಿರಬೇಕು. ಇಲ್ಲದಿದ್ದರೆ ಆಡದೆಯೇ ಸೋತಂತೆ. ಹನ್ನೊಂದನೇ ನಿಮಿಷಕ್ಕೆ ಗೂಡ್ಸ್ ಆಟೊ ಬಂತು. ಎಂಟು ಜನ ಇಳಿದರು. ಇಳಿಯುವಾಗ ಗಂಗಾಧರ ಆಟೊದ ಕಂಬಿ ಹಿಡಿದುಕೊಂಡು ನಿಧಾನಕ್ಕೆ ನೆಟ್ಟಗಾದದ್ದನ್ನು ನಾನು ನೋಡಿದೆ.

ಎಂಟು ಜನ ಹನ್ನೊಂದು ಜನರ ಎದುರು. ಒಂದು ಗೋಲು ಬೇಗನೇ ಬಿತ್ತು. ಇನ್ನೂ ನಾಲ್ಕು ಬೀಳಬೇಕಿತ್ತು, ನಯಾಜ್ ಬೀಳಗೊಡಲಿಲ್ಲ. ಮೊದಲರ್ಧ ಮುಗಿಯುವ ಹೊತ್ತಿಗೆ ಉಳಿದ ಮೂವರು ಒಂದೇ ಬೈಕಿನಲ್ಲಿ ಬಂದಿಳಿದರು. "ಹೆಚ್ಚೂಕಮ್ಮಿ ಮುಗೀತು! ಒಂದ್ ಸಾಲು ಹಿಂದೆ ಬಿದ್ದಿರೋ ಕಾಯಿ ಹುಳ ಮಾತ್ರ ಇದಾವೆ, ಅಕ್ಕ ನೋಡ್ಕೋತಾರಂತೆ" ಎಂದು ಅಂಚಿನಿಂದಲೇ ಕೂಗಿದರು. ಗಂಗಾಧರನ ಮುಖದಲ್ಲಿ ಅವತ್ತು ಮೊದಲ ಸಲ ಬೆಳಕು ಕಂಡೆ. ದ್ವಿತೀಯಾರ್ಧದಲ್ಲಿ ಅವನೇ ಹಿಂದಿನಿಂದ ಉದ್ದಕ್ಕೆ ಹೊಡೆದ ಚೆಂಡು ನಮ್ಮ ಮುಂದಿನ ಹುಡುಗನ ಕಾಲಿಗೆ ಸಿಕ್ಕಿ ಗೋಲಾಯಿತು. ಒಂದು ಒಂದು. ಮೈದಾನದ ಸುತ್ತ ನಿಂತಿದ್ದ ಊರಿನವರು ಹುಚ್ಚೆದ್ದು ಕುಣಿದರು. ಆಡುವವರಿಗೆ ಮಾತ್ರ ಕುಣಿಯುವ ತ್ರಾಣ ಇರಲಿಲ್ಲ. ಒಬ್ಬರನ್ನೊಬ್ಬರು ಮುಟ್ಟಿ ಜಾಗಕ್ಕೆ ಮರಳಿದರು.

ಆಟ ಸಮದಲ್ಲೇ ಉಳಿದು ಹೆಚ್ಚಿನ ಅರ್ಧ ಗಂಟೆಗೆ ಹೋಯಿತು. ಕೊನೆಗೆ ಆರೇಳು ನಿಮಿಷ ಉಳಿದಿದ್ದಾಗ ಬಲಗಡೆಯಿಂದ ಒಂದು ಚೆಂಡು ಮೇಲೆದ್ದು ನಮ್ಮ ಗೋಲಿನ ಮುಂದಕ್ಕೆ ಬಂತು. ಅಂಥದ್ದನ್ನು ಗಂಗಾಧರ ಹದಿನಾರು ವರ್ಷದಲ್ಲಿ ಸಾವಿರ ಸಲ ಹಣೆಯಲ್ಲಿ ತೆಗೆದಿದ್ದಾನೆ. ಸರಿಯಾದ ಜಾಗದಲ್ಲೇ ಇದ್ದ. ಚೆಂಡು ನೋಡಿದ, ಮಂಡಿ ಬಗ್ಗಿಸಿದ, ಎಗರಿದ. ಕಾಲು ನೆಲ ಬಿಟ್ಟದ್ದು ನಾಲ್ಕು ಬೆರಳು. ಬೆನ್ನು ಏಳಲಿಲ್ಲ. ಚೆಂಡು ಅವನ ಕೂದಲು ಸವರಿಕೊಂಡು ಹಿಂದೆ ಹೋಯಿತು. ಹಿಂದೆ ಅವರ ಹುಡುಗ ಇದ್ದ.

ಅಷ್ಟೇ. ಆಮೇಲೆ ಸೀಟಿ ಊದುವವರೆಗೂ ನಡೆದದ್ದು ನನಗೆ ನೆನಪಿಲ್ಲ. ಅಬ್ಬಾಸ್ ಸಾಹೇಬರು ಬಂದು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. "ನಿಮ್ ಹುಡುಗ್ರು ನಿಂತಲ್ಲೇ ನಿದ್ದೆ ಮಾಡ್ತಿದ್ರು. ನಮಗೂ ಗೆದ್ದಂಗೆ ಅನ್ನಿಸ್ತಿಲ್ಲ ಬಿಡಿ" ಎಂದರು. ಒಳ್ಳೆಯ ಮಾತೇ. ಆದರೆ ಅವರು ಬೆಂಗಳೂರಿಗೆ ಹೋದರು.

ಗಂಗಾಧರ ಯಾರಿಗೂ ಹೇಳದೆ ಊರಿಗೆ ಹೊರಟುಹೋಗಿದ್ದ. ಸುಣ್ಣದ ಡಬ್ಬ, ಚೆಂಡು, ಬಾವುಟದ ಕೋಲು ಎಲ್ಲ ಎತ್ತಿಟ್ಟು ನಾನು ಅವನ ಹಳ್ಳಿ ಮುಟ್ಟಿದಾಗ ಕತ್ತಲಾಗಿ ದೀಪ ಹತ್ತಿತ್ತು. ಹುಳುಮನೆಯ ಬಾಗಿಲಲ್ಲಿ ಅವನ ಬೂಟು. ನಾನೂ ಚಪ್ಪಲಿ ಬಿಟ್ಟು ಕಾಲು ಅದ್ದಿ ಒಳಗೆ ಹೋದೆ. ವಾರದಿಂದ ಮಳೆ ಹೊಯ್ದಂತೆ ಮೇಯುವ ಸದ್ದು ತುಂಬಿದ್ದ ಮನೆ ಈಗ ತಣ್ಣಗಿತ್ತು. ಗೋಡೆಯುದ್ದಕ್ಕೂ ಚಂದ್ರಿಕೆ ನಿಂತಿದ್ದವು. ಪ್ರತಿ ಸುರುಳಿಯಲ್ಲೂ ಹುಳು ತಲೆಯಾಡಿಸುತ್ತ ತನ್ನ ಸುತ್ತ ತೆಳ್ಳಗೆ ನೂಲು ಹಾಕಿಕೊಳ್ಳುತ್ತಿತ್ತು. ಮೂಲೆಯ ಒಂದು ಸ್ಟ್ಯಾಂಡಿನಲ್ಲಿ ಮಾತ್ರ ಹಿಂದೆ ಬಿದ್ದ ಹುಳುಗಳು ಇನ್ನೂ ಮೇಯುತ್ತಿದ್ದವು. ಗಂಗಾಧರ ಮೈದಾನದ ಬಟ್ಟೆಯಲ್ಲೇ ಅವಕ್ಕೆ ಸೊಪ್ಪು ಹಾಕುತ್ತಿದ್ದ. ಸರಸ ಈಚೆಗೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು.

ಬೆಳೆ ಉಳಿಯಿತಲ್ಲ ಎಂದು ಹೇಳೋಣವೆಂದು ಬಾಯಿ ತೆರೆದೆ. ಬಂದದ್ದೇ ಬೇರೆ.

"ಗಂಗಾ, ಅಬ್ಬಾಸ್ ಸಾಹೇಬ್ರು ಬುಧವಾರ ಆಡಣ ಅಂದಿದ್ರು. ನಾನೇ ಬೇಡ ಅಂದೆ. ಶುಕ್ರವಾರ ಸರಸಮ್ಮ ಹೇಳಿದ ಮೇಲಾದ್ರೂ ಕೇಳ್ಬೋದಿತ್ತು. ಬಿಗುಮಾನ ಕಣೋ. ಕೇಳಲಿಲ್ಲ."

ಅವನ ಕೈ ಸೊಪ್ಪಿನ ಮೇಲೆ ನಿಂತಿತು. ಸರಸ ನನ್ನ ಮುಖ ನೋಡಿ, ಮತ್ತೆ ಅವನ ಮುಖ ನೋಡಿದಳು.

"ಬುಧವಾರವಾ?" ಎಂದ.

"ಹೂಂ."

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಸುಧಾರಿಸಿಕೊಳ್ಳುತ್ತಿದ್ದೆ. ಅವನು ಕೈಯಲ್ಲಿದ್ದ ಸೊಪ್ಪನ್ನು ಹುಳುಗಳ ಮೇಲೆ ಒಂದೇ ಸಮನೆ ಹರವಿದ, ಒಂದೆರಡು ಎಲೆ ಸರಿಮಾಡಿದ.

"ಬುಧವಾರದ ಹೊತ್ಗೆ ನಾನು ಮೂರು ನಿದ್ದೆ ತೆಗ್ದಿರ್ತಿದ್ದೆ" ಎಂದ. ಆಮೇಲೆ ಗೋಡೆಗೆ ಒಂದು ಕೈ ಕೊಟ್ಟು, ಕೆಳಗಿನ ಸಾಲಿನ ಕಡೆ ಗಲ್ಲ ತೋರಿಸಿದ.

"ಸುಮ್ನೆ ನಿಂತ್ಕೋಬೇಡಣ್ಣ. ಆ ಸೊಪ್ಪಿನ್ ಮಂಕರಿ ಎತ್ಕೊ. ಕೆಳಗಿನ್ ಸಾಲ್ಗೆ ಬಗ್ಗಕ್ಕೆ ನನ್ ಕೈಲಿ ಆಗಲ್ಲ."

ನಾನು ಮಂಕರಿ ಎತ್ತಿಕೊಂಡು ಬಗ್ಗಿದೆ.